ಅಣ್ಣನ ಫೋಟೊದ ಕೆಳಗಿನ ಪ್ರಾರ್ಥನೆ

ಅಣ್ಣ ತೀರಿಕೊಂಡ ಸುದ್ದಿ ಬಂದಾಗ ಚೌಕಟ್ಟಪ್ಪ ಕಂಪ್ಯೂಟರ್ ತರಗತಿಯ ಕೊನೆಯ ಬೆಂಚಿನಲ್ಲಿ ಕೂತು, ಅದೇ ಅಣ್ಣನ ಫೋಟೊಗೆ ತೆರೆಯ ಮೇಲೆ ಅಂಚು ಕಟ್ಟುತ್ತಿದ್ದ.

ಚೌಕಟ್ಟಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿಯ ಹಿಂದಿನ ಕೋಣೆಯಲ್ಲಿ ಮೊಳೆ, ಗಾಜು, ಅಂಟುಗಳ ನಡುವೆ ಕೂದಲು ನರೆಸಿಕೊಂಡವನಿಗೆ ಬೀದಿಯವರು ಕೊಟ್ಟ ಬಿರುದು. ಮುಂದಿನ ಕೋಣೆ ಅಣ್ಣನದು. ಅಣ್ಣ ಮಾತಿನ ಮನುಷ್ಯ. ಗಾಳಿಗೆ ಬಾಗಿಲು ತೆರೆದುಕೊಂಡರೂ ಗಿರಾಕಿ ಬಂದನೆಂದು ಮಾತು ಶುರು ಮಾಡಿಬಿಡುತ್ತಿದ್ದ. ಕನ್ನಡಿ ಕೊಳ್ಳಲು ಬಂದವನು ಮನೆಗೆ ಓಡಿಹೋಗಿ ಅಜ್ಜನ ಫೋಟೊ ತಂದು ಕಟ್ಟು ಹಾಕಿಸಿಕೊಂಡು ಹೋಗುತ್ತಿದ್ದ. ಆದರೆ ಕೆಲವು ವರ್ಷಗಳಿಂದ ಆ ಬಾಗಿಲು ತೆರೆಯುತ್ತಿದ್ದುದು ಗಾಳಿಗೆ ಮಾತ್ರ. ಜನ ಅಜ್ಜಂದಿರನ್ನೂ ಮೊಮ್ಮಕ್ಕಳನ್ನೂ ಫೋನಿನೊಳಗೇ ಇಟ್ಟುಕೊಂಡು ಓಡಾಡತೊಡಗಿದ್ದರು.

"ಗಿರಾಕಿಗಳು ಈಗ ಬೀದೀಲಿ ಓಡಾಡೋದಿಲ್ಲ ಕಣೋ, ಇಂಟರ್‌ನೆಟ್ಟಲ್ಲಿ ಓಡಾಡ್ತಾರೆ," ಎಂದು ಒಂದು ದಿನ ಅಣ್ಣ ತೀರ್ಪು ಕೊಟ್ಟ. "ನೀನು ಹೋಗಿ ವೆಬ್‌ಸೈಟ್ ಮಾಡೋದು ಕಲಿ."

"ನಾನಾ? ಮಾತಾಡೋನು ನೀನು. ನೀನೇ ಹೋಗು."

"ವೆಬ್‌ಸೈಟ್ ಅಂದ್ರೆ ಮಾತಲ್ಲ, ಚೌಕಟ್ಟು. ವಿಚಾರಿಸಿದೀನಿ. ಎಲ್ಲಾ ಚೌಕ ಚೌಕವಾಗಿ ಇರುತ್ತಂತೆ. ನಿನ್ನ ಕೆಲಸಾನೇ."

ಅಣ್ಣ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮಗಳ ವಯಸ್ಸಿನ ಟೀಚರಮ್ಮ ಹಲಗೆಯ ಮೇಲೆ ಪೆಟ್ಟಿಗೆಯೊಳಗೆ ಪೆಟ್ಟಿಗೆ ಬರೆದು, ಇದು ಅಂಚು, ಇದು ಒಳಗಿನ ಜಾಗ, ಇದು ಹೊರಗಿನ ಜಾಗ ಎಂದಾಗ ಚೌಕಟ್ಟಪ್ಪನಿಗೆ ತವರಿಗೆ ಬಂದ ಹಾಗಾಯಿತು. ಎರಡೇ ವಾರದಲ್ಲಿ, ಇನ್ನು ತನಗೆ ಕಲಿಯಲು ಉಳಿದಿರುವುದು ಕನ್ನಡಕ ಎಲ್ಲಿಟ್ಟೆ ಎಂಬುದೊಂದೇ ಎನ್ನುವಷ್ಟು ಧೈರ್ಯ ಬಂದಿತು.

ಆ ದಿನ ಟೀಚರಮ್ಮ ಎಲ್ಲರಿಗೂ ಒಂದು ಮಾದರಿ ಪುಟ ಕೊಟ್ಟಿದ್ದಳು. ಮೇಲೆ ಫೋಟೊ ಹಾಕುವ ಜಾಗ. ಅದರ ಕೆಳಗೆ ಯಾವುದೋ ತಿಳಿಯದ ಭಾಷೆಯಲ್ಲಿ ನಾಲ್ಕೈದು ಸಾಲು. "ಲೋರೆಮ್ ಇಪ್ಸಮ್ ಅಂತ ಶುರುವಾಗೋ ಈ ಸಾಲುಗಳು ನಿಮ್ಮೆಲ್ಲರ ಪುಟದಲ್ಲೂ ಇವೆಯಲ್ಲ, ಇವು ಏನು ಅಂದ್ರೆ..." ಎಂದು ಅವಳು ಶುರು ಮಾಡುವುದಕ್ಕೂ ಚೌಕಟ್ಟಪ್ಪನ ಫೋನು ಹೊಡೆದುಕೊಳ್ಳುವುದಕ್ಕೂ ಸರಿಹೋಯಿತು.

ಪಕ್ಕದ ಅಂಗಡಿಯ ದರ್ಜಿ. "ಚೌಕಟ್ಟಪ್ಪಾ, ಬೇಗ ಬಾರಯ್ಯ. ಅಣ್ಣ... ಮಾತಾಡ್ತಾ ಮಾತಾಡ್ತಾನೇ..."

ದರ್ಜಿಗೆ ಆ ಮಾತು ಮುಗಿಸಲಾಗಲಿಲ್ಲ. ಟೀಚರಮ್ಮ ತನ್ನ ಮಾತು ಮುಗಿಸಿದಳು. ಅಷ್ಟರಲ್ಲಿ ಚೌಕಟ್ಟಪ್ಪ ಒಂದೇ ಕಾಲಿನ ಚಪ್ಪಲಿಯಲ್ಲಿ ಬೀದಿಯ ತುದಿ ಮುಟ್ಟಿದ್ದ. ಅವನು ಕೇಳಿಸಿಕೊಳ್ಳದೆ ಬಿಟ್ಟ ಆ ಅರ್ಧ ವಾಕ್ಯ ಮುಂದೆ ಇಡೀ ಬೀದಿಯನ್ನೇ ಸುತ್ತಿಕೊಂಡಿತು.

ಅಂಗಡಿಯ ಮೇಲಿನ ಮನೆಯಲ್ಲಿ ಅಣ್ಣ, ಅತ್ತಿಗೆ ಇದ್ದರು. ಈಗ ಅತ್ತಿಗೆ ಒಬ್ಬರೇ. ಅಣ್ಣನ ದೊಡ್ಡ ಫೋಟೊಗೆ ಚೌಕಟ್ಟಪ್ಪ ತನ್ನ ಕೈಯಾರೆ ಬಂಗಾರದ ಬಣ್ಣದ ಕಟ್ಟು ಹಾಕಿದ. ಅತ್ತಿಗೆ ಅದನ್ನು ಮೇಜಿನ ಮೇಲಿಟ್ಟು, ಮುಂದೆ ಅವನ ಕನ್ನಡಕ, ಪೆನ್ನು, ಫೋನು ಮೂರನ್ನೂ ಸಾಲಾಗಿ ಜೋಡಿಸಿದರು. ಫೋನನ್ನು ದಿನವೂ ಒರೆಸಿ ಚಾರ್ಜಿಗೆ ಹಾಕುತ್ತಿದ್ದರು. ಯಾರಾದರೂ ಕೇಳಿದರೆ "ಅವರಿಲ್ಲ" ಎನ್ನಲು ಬಾಯಿ ಬರುವುದಿಲ್ಲವೆಂದು ಅದರ ಸದ್ದು ಮಾತ್ರ ಅಡಗಿಸಿಟ್ಟಿದ್ದರು.

ಒಂದು ಸಂಜೆ ಅತ್ತಿಗೆ ಅಂಗಡಿಗೆ ಇಳಿದು ಬಂದಾಗ ಕಂಪ್ಯೂಟರಿನಲ್ಲಿ ಆ ಮಾದರಿ ಪುಟ ತೆರೆದಿತ್ತು. ಅಣ್ಣನ ಫೋಟೊ, ಅದರ ಸುತ್ತ ಬಂಗಾರದ ಬಣ್ಣದ ಅಂಚು, ಕೆಳಗೆ ಆ ಸಾಲುಗಳು.

"ಇದೇನಪ್ಪಾ, ಇವರ ಕೆಳಗೆ ಬರೆದಿರೋದು?"

ಚೌಕಟ್ಟಪ್ಪ ಯೋಚಿಸಿದ. ಹೋದವರ ಫೋಟೊಗಳಿಗೆ ಕಟ್ಟು ಹಾಕುತ್ತ ಕಳೆದ ಬಾಳಿನಲ್ಲಿ ಫೋಟೊದ ಕೆಳಗೆ ಅವನು ಕಂಡಿದ್ದು ಒಂದೇ ಬಗೆಯ ಬರಹ. "ಪ್ರಾರ್ಥನೆ ಇರಬೇಕು ಅತ್ತಿಗೆ," ಎಂದ.

ಅಷ್ಟರಲ್ಲಿ ಪೋಸ್ಟ್‌ಮಾಸ್ಟರರು ಬಂದರು. ಅವರು ನಿವೃತ್ತರು. ನೌಕರಿಯಲ್ಲಿದ್ದಷ್ಟು ಕಾಲ ಕಿಟಕಿಯ ಮುಂದೆ ನಿಂತವರಿಗೆಲ್ಲ "ಗೊತ್ತಿಲ್ಲ" ಎಂದು ಹೇಳಿ ಹೇಳಿ ಆ ಪದವನ್ನು ಖರ್ಚು ಮಾಡಿಕೊಂಡಿದ್ದರಿಂದ, ನಿವೃತ್ತಿಯ ನಂತರ ಅವರ ಬಳಿ ಅದು ಉಳಿದಿರಲಿಲ್ಲ. ತೆರೆಗೆ ಮೂಗು ತಾಗಿಸಿ ಓದಿ, "ಲ್ಯಾಟಿನ್," ಎಂದರು. "ಬಹಳ ಪುರಾತನ. ದೊಡ್ಡ ದೊಡ್ಡ ಗುರುಗಳು ಹೇಳ್ತಿದ್ದದ್ದು."

"ಅರ್ಥ ಏನಂತೆ?"

"ಪ್ರಾರ್ಥನೆಗೆಲ್ಲಾ ಅರ್ಥ ಕೇಳಬಾರದು ತಾಯಿ. ಫಲ ಕಡಿಮೆಯಾಗುತ್ತೆ."

ಅಲ್ಲಿಂದ ಮುಂದೆ ಅದನ್ನು ಯಾರೂ ತಡೆಯುವ ಹಾಗಿರಲಿಲ್ಲ. ಪೋಸ್ಟ್‌ಮಾಸ್ಟರರು ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟರು. ಅತ್ತಿಗೆ ಬಾಯಿಪಾಠ ಮಾಡಿದರು. ದರ್ಜಿ ಅದನ್ನು ನೀಲಿ ಬಟ್ಟೆಯ ಮೇಲೆ ಬಿಳಿ ದಾರದಲ್ಲಿ ಕಸೂತಿ ಹಾಕಿ ತಂದ. ಚೌಕಟ್ಟಪ್ಪ ಅದಕ್ಕೆ ಕಟ್ಟು ಹಾಕಿದ. ಅದನ್ನು ಕಂಡ ಔಷಧಿ ಅಂಗಡಿಯವರು ತಮಗೊಂದು ಬೇಕೆಂದರು, ಕ್ಷೌರದಂಗಡಿಯವನು ತನಗೊಂದು ಎಂದ. ತಿಂಗಳು ತುಂಬುವುದರೊಳಗೆ ಬೀದಿಯ ಅರ್ಧ ಗೋಡೆಗಳ ಮೇಲೆ ಲೋರೆಮ್ ಇಪ್ಸಮ್ ನೇತಾಡುತ್ತಿತ್ತು. ಔಷಧಿ ಅಂಗಡಿಯವರಿಗಂತೂ ಅದನ್ನು ನೇತುಹಾಕಿದ ಮೇಲೆ ಬೆನ್ನುನೋವು ಇಳಿಯಿತಂತೆ. ತಮ್ಮದೇ ಅಂಗಡಿಯ ಮಾತ್ರೆಗಳಿಂದ ಆಗದ ಕೆಲಸ ಅದು.

ಇಷ್ಟಾದರೂ ಅಂಗಡಿಗೆ ಹೊರಗಿನ ಗಿರಾಕಿ ಬರಲಿಲ್ಲ. ಈ ತಿಂಗಳೊಳಗೆ ಅಂಗಡಿ ನಡೆಯುವ ಲಕ್ಷಣ ಕಾಣದಿದ್ದರೆ ಜಾಗವನ್ನು ಫೋನು ಮಾರುವವನೊಬ್ಬನಿಗೆ ಕೊಡುತ್ತೇನೆಂದು ಕಟ್ಟಡದ ಯಜಮಾನರು ಹೇಳಿ ಹೋಗಿದ್ದರು. ಚೌಕಟ್ಟಪ್ಪ ಮಾತ್ರ ಹೆದರಲಿಲ್ಲ. ತನ್ನ ವೆಬ್‌ಸೈಟನ್ನು ಲೋಕಕ್ಕೆ ತೆರೆದಿಟ್ಟ. ಅದರ ಪ್ರಚಾರವನ್ನು ಪೋಸ್ಟ್‌ಮಾಸ್ಟರರು ವಹಿಸಿಕೊಂಡರು. ದಿನವೂ ಬೆಳಗಾಗುತ್ತಲೇ ತಮಗೆ ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ಶುಭೋದಯದ ಹೂವಿನ ಜೊತೆ ಅದರ ವಿಳಾಸ ಕಳಿಸಿದರು. "ಡಿಜಿಟಲ್ ಮಾರ್ಕೆಟಿಂಗ್ ಅಂದ್ರೆ ಇಷ್ಟೇ ಕಣಯ್ಯ. ಅಂಚೆ ಹಂಚೋದೇ. ಕಾಲು ನೋಯಲ್ಲ ಅಷ್ಟೇ."

ಅಣ್ಣ ಹೋಗಿ ತಿಂಗಳಾದ ದಿನ ಸಂಜೆ ಮೇಲಿನ ಮನೆಯಲ್ಲಿ ಬೀದಿಯವರೆಲ್ಲ ಸೇರಿ ಪ್ರಾರ್ಥನೆ ಮಾಡುವುದೆಂದು ಗೊತ್ತಾಗಿತ್ತು. ಅದೇ ಬೆಳಿಗ್ಗೆ ಕಂಪ್ಯೂಟರ್ ತೆರೆದ ಚೌಕಟ್ಟಪ್ಪ ಕುರ್ಚಿಯಿಂದ ಎದ್ದು ನಿಂತು, ಮತ್ತೆ ಕೂತು, ಮತ್ತೆ ಎದ್ದ. ರೈಲು ನಿಲ್ದಾಣದ ಬಳಿ ಹೊಸದಾಗಿ ಏಳುತ್ತಿದ್ದ ಹೋಟೆಲಿನ ಮ್ಯಾನೇಜರಮ್ಮ ವೆಬ್‌ಸೈಟಿನ ಮೂಲಕ ಸಂದೇಶ ಕಳಿಸಿದ್ದಳು. ಹೋಟೆಲಿನ ಕೋಣೆ ಕೋಣೆಗೂ ಚಿತ್ರದ ಕಟ್ಟುಗಳು ಬೇಕು. ನಿಮ್ಮ ಪುಟದಲ್ಲಿರುವ ಸಂಖ್ಯೆಗೆ ಇವತ್ತು ಮಧ್ಯಾಹ್ನ ಫೋನ್ ಮಾಡುತ್ತೇವೆ. ನಾಲ್ಕು ಗಂಟೆಯೊಳಗೆ ತೀರ್ಮಾನವಾಗಬೇಕು.

"ನೋಡಿದ್ಯಾ!" ಎಂದ ದರ್ಜಿಗೆ. "ಅಣ್ಣ ಹೇಳಿದ್ದು. ಓಡಾಡ್ತಾರೆ ಅಂತ. ಬಂದ್ರು ನೋಡು ಓಡಾಡ್ಕೊಂಡು!"

"ಮಾತಾಡೋಕೆ ಬರುತ್ತಾ ನಿನಗೆ? ಹೋಟೆಲ್ನೋರು ಅಂದ್ರೆ ಸುಮ್ಮನೆ ಅಲ್ಲ."

"ನನ್ನ ವೆಬ್‌ಸೈಟೇ ಮಾತಾಡುತ್ತೆ ಬಿಡು."

ಅದು ಏನು ಮಾತಾಡುತ್ತಿತ್ತೆಂಬುದು ಮಧ್ಯಾಹ್ನಕ್ಕೆ ತಿಳಿಯಿತು. ಚೌಕಟ್ಟಪ್ಪ ಟೀಚರಮ್ಮನನ್ನು ಪ್ರಾರ್ಥನೆಗೆ ಕರೆದಿದ್ದ. ಫೋನು ಬರುವ ಮೊದಲು ಒಮ್ಮೆ ಪುಟ ನೋಡಿಬಿಡಲಿ ಎಂದು ಬೇಗನೆ ಬರಹೇಳಿದ್ದ. ಅವಳು ಬಾಗಿಲಲ್ಲಿ ನಿಂತು ಮೊದಲು ಗೋಡೆಯ ಮೇಲಿನ ಕಸೂತಿ ನೋಡಿದಳು. ಆಮೇಲೆ ತೆರೆ ನೋಡಿದಳು. ಆಮೇಲೆ ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡಳು. ದುಃಖ ಉಮ್ಮಳಿಸಿತೆಂದು ಚೌಕಟ್ಟಪ್ಪ ಕುರ್ಚಿ ಒರೆಸಿ ಕೊಟ್ಟ.

"ಸರ್," ಎಂದಳು ಕರವಸ್ತ್ರ ಇಳಿಸಿ. "ಇದು ಪ್ರಾರ್ಥನೆ ಅಲ್ಲ ಸರ್."

"ಮತ್ತೆ?"

"ಇದಕ್ಕೆ ಅರ್ಥಾನೇ ಇಲ್ಲ. ನಿಮ್ಮ ಸ್ವಂತ ಬರಹ ಬರೋವರೆಗೂ ಜಾಗ ಹಿಡಿದಿಡೋಕೆ ಅಂತ ಮಾದರಿ ಪುಟದಲ್ಲಿ ತುಂಬಿಸಿಡೋ ಸುಳ್ಳು ಸಾಲು. ಆವತ್ತು ತರಗತೀಲಿ ಅದನ್ನೇ ಹೇಳೋಕೆ ಹೊರಟಿದ್ದೆ. ನೀವು... ಫೋನ್ ಬಂತಲ್ಲ."

ಚೌಕಟ್ಟಪ್ಪನ ಮುಖ ಗಾಜು ಒಡೆದ ಕಟ್ಟಿನ ಹಾಗಾಯಿತು. ಬೀದಿಯ ಅರ್ಧ ಗೋಡೆಗಳು ಕಣ್ಣಮುಂದೆ ಬಂದವು. ಔಷಧಿ ಅಂಗಡಿಯವರ ಬೆನ್ನು ಬಂದಿತು. ಎಲ್ಲಕ್ಕಿಂತ ಹೆಚ್ಚಾಗಿ, ಇಷ್ಟು ದಿನ ಬೆಳಗೂ ಬೈಗೂ ಕಣ್ಣು ಮುಚ್ಚಿ ಅದನ್ನೇ ಹೇಳುತ್ತಿದ್ದ ಅತ್ತಿಗೆ ಬಂದರು. ಆದರೂ ಅವನು ಸೋಲೊಪ್ಪುವವನಲ್ಲ. "ಆಗಿದ್ದು ಆಗಿಹೋಯ್ತು ಮೇಡಂ. ಮೊದಲು ಪುಟ ಸರಿಮಾಡೋಣ, ಹೋಟೆಲ್ನೋರು ನೋಡ್ತಾರೆ. ಹಳೇದು ತೆಗೆದು ಅಣ್ಣನ ಬಗ್ಗೆ ನಾಲ್ಕು ಸಾಲು ಬರೆದರಾಯ್ತು. ಅದೇನು ಮಹಾ!"

ಸಾಲುಗಳನ್ನು ಅಳಿಸುವುದು ಸುಲಭವಾಗಿತ್ತು. ಬರೆಯಲು ಕೂತಾಗ ಕೈ ಕೀಲಿಮಣೆಯ ಮೇಲೇ ನಿಂತುಬಿಟ್ಟಿತು. ಅಣ್ಣನ ಕೆಳಗಿನ ಜಾಗ ಬರಿದಾಗಿ ಅವನನ್ನೇ ನೋಡುತ್ತಿತ್ತು.

ಬರಿದಾದ ಜಾಗ ಕಂಡರೆ ನೆರೆಹೊರೆಯವರು ಸುಮ್ಮನಿರುವುದುಂಟೆ? ಪೋಸ್ಟ್‌ಮಾಸ್ಟರರು ಕೈ ಹಿಂದೆ ಕಟ್ಟಿಕೊಂಡು ನಡೆದಾಡುತ್ತ ಹೇಳಿಕೊಟ್ಟರು: "ಬರಿ. ಸಕಲ ಸದ್ಗುಣ ಸಂಪನ್ನರೂ, ಮಿತಭಾಷಿಗಳೂ..."

"ಮಿತಭಾಷಿ? ನಮ್ಮಣ್ಣ?"

"ಹೋದೋರ ಬಗ್ಗೆ ಒಳ್ಳೇದೇ ಬರೀಬೇಕಯ್ಯ."

"ನನ್ನದೂ ಒಂದು ಮಾತು," ಎಂದ ದರ್ಜಿ. "ಅಂಗಡಿ ಎಲ್ಲಿದೆ ಅಂತ ಜನಕ್ಕೆ ಗೊತ್ತಾಗಬೇಕಲ್ಲ. ಹೆಸರಾಂತ ದರ್ಜಿಯ ಪಕ್ಕ ಅಂತ ಹಾಕು. ಕೆಳಗೆ ಮೂಲೇಲಿ ನನ್ನ ನಂಬರೂ ಇರಲಿ. ನೀನು ಮೊಳೆ ಹೊಡೀತಾ ಇದ್ದಾಗ ಫೋನ್ ಕೇಳಿಸದೆ ಹೋದ್ರೆ ನಾನು ಎತ್ತಿ ಹೇಳ್ತೀನಿ. ಉಪಕಾರಕ್ಕೆ."

ಹಾಕದೆ ಅವನು ಬಿಡುವವನಲ್ಲವೆಂದು ಟೀಚರಮ್ಮ ಪುಟದ ತೀರ ಅಡಿಯಲ್ಲಿ ಸಣ್ಣಕ್ಷರದಲ್ಲಿ ದರ್ಜಿಯ ಸಂಖ್ಯೆ ಸೇರಿಸಿದಳು. ಅವನು ಸಂತೋಷದಿಂದ ತನ್ನ ಅಂಗಡಿಗೆ ಹೋದ.

ಈ ಗದ್ದಲದಲ್ಲಿ ಚೌಕಟ್ಟಪ್ಪ ಅಣ್ಣನ ಹೆಸರು ದಪ್ಪಗೆ ಕಾಣಲೆಂದು ಗುರುತು ಹಾಕಿದವನು, ದಪ್ಪ ಇಲ್ಲಿಗೆ ಸಾಕು ಎಂಬ ಗುರುತು ಹಾಕಲು ಮರೆತ. ಪುಟದ ಅಕ್ಷರಗಳೆಲ್ಲ ಜೇನು ಕಡಿದವರ ಮುಖದಂತೆ ಊದಿಕೊಂಡವು. ಅದನ್ನು ಸರಿಮಾಡಲು ಹೋಗಿ ಫೋಟೊದ ಅಳತೆ ಅಳಿಸಿದ. ಅಣ್ಣನ ಮೂಗು ತೆರೆ ತುಂಬ ಹರಡಿಕೊಂಡಿತು. "ಈಗ ಹೋಟೆಲ್ನೋರು ನೋಡಿದ್ರೆ ನಮ್ಮದು ಮೂಗಿನಂಗಡಿ ಅಂದ್ಕೋತಾರೆ ಸರ್," ಎಂದು ಟೀಚರಮ್ಮ ಅವನ ಕೈಯಿಂದ ಮೌಸ್ ಕಿತ್ತುಕೊಂಡಳು.

ಮೂಗು ಮುಖಕ್ಕೆ ಮರಳಿದ ಮೇಲೆ ಅವನು ಪೋಸ್ಟ್‌ಮಾಸ್ಟರರನ್ನು ಚಹಾಕ್ಕೆ ಕಳಿಸಿ, ಒಬ್ಬನೇ ಕೂತು ಬರೆದ:

"ಈ ಅಂಗಡಿ ನಮ್ಮಣ್ಣನದು. ಅವನು ಮಾತಾಡುತ್ತಿದ್ದ, ನಾನು ಮೊಳೆ ಹೊಡೆಯುತ್ತಿದ್ದೆ. ಈಗ ಅವನಿಲ್ಲ. ಮೊಳೆ ನಾನು ಹೊಡೆಯುತ್ತೇನೆ. ಮಾತು ನೀವೇ ಆಡಿ."

ಟೀಚರಮ್ಮ ಎರಡು ಸಲ ಓದಿದಳು. ಈ ಸಲ ಕರವಸ್ತ್ರ ಹೋದದ್ದು ಕಣ್ಣಿಗೆ.

ಇನ್ನು ಉಳಿದದ್ದು ಅತ್ತಿಗೆ. ಚೌಕಟ್ಟಪ್ಪ ತನ್ನ ಫೋನನ್ನು ಎದೆಯ ಜೇಬಿನಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿದ. ಅವರು ಬಾಲ್ಕನಿಯಲ್ಲಿ ಕೂತು ಸಂಜೆಗಾಗಿ ದೀಪ ಉಜ್ಜುತ್ತಿದ್ದರು. ಅವನು ನಿಂತಲ್ಲೇ ನಿಂತು, ತಡವರಿಸುತ್ತ ಎಲ್ಲವನ್ನೂ ಹೇಳಿದ.

"ಅರ್ಥಾನೇ ಇಲ್ವಾ?" ಎಂದರು ಅತ್ತಿಗೆ.

"ಒಂದಿಷ್ಟೂ ಇಲ್ವಂತೆ. ಸಂಜೆ ಅದನ್ನ ಹೇಳಬೇಡಿ ಅತ್ತಿಗೆ. ತಪ್ಪು ನನ್ನದು."

ಅತ್ತಿಗೆ ದೀಪವನ್ನು ತಿರುಗಿಸಿ ಇನ್ನೊಂದು ಮೈ ಉಜ್ಜಿದರು. "ನಿಮ್ಮಣ್ಣ ಎದ್ದಾಗಿಂದ ಮಲಗೋವರೆಗೂ ಮಾತಾಡ್ತಿದ್ರು. ಅದಕ್ಕೆಲ್ಲಾ ಅರ್ಥ ಇತ್ತಾ? ನಾನು ಕೇಳಿಸ್ಕೊಳ್ಳಲಿಲ್ವಾ? ದೇವರಿಗೆ ನನಗಿಂತ ತಾಳ್ಮೆ ಜಾಸ್ತಿ."

"ಆದ್ರೂ..."

"ಜಾಗ ಹಿಡಿದಿಡೋ ಮಾತು ಅಂದ್ಲಲ್ಲ ಆ ಹುಡುಗಿ? ಅವರ ಜಾಗ ಹಿಡಿದಿಡೋಕೂ ನನಗೆ ಏನಾದ್ರೂ ಬೇಕಲ್ಲಪ್ಪ. ಹೋಗು, ಗಿರಾಕಿ ಫೋನ್ ಬರುತ್ತೆ ಅಂತಿದ್ಯಲ್ಲ, ನೋಡ್ಕೋ."

ಎದೆಯ ಮೇಲಿನ ಕಲ್ಲು ಇಳಿದಂತಾಗಿ ಚೌಕಟ್ಟಪ್ಪ ಕೆಳಗೆ ಬಂದ. ಫೋನನ್ನು ಮೇಜಿನ ಮೇಲಿಟ್ಟು, ಒಲೆಯ ಮೇಲಿನ ಹಾಲು ಕಾಯುವವನಂತೆ ಅದರ ಮುಂದೆ ಕೂತ. ಅದು ಉಕ್ಕಲಿಲ್ಲ. ಎತ್ತಿ ಕಿವಿಗಿಟ್ಟು ನೋಡಿದ. ಸದ್ದು ಸರಿಯಾಗಿದೆಯೇ ಎಂದು ಟೀಚರಮ್ಮನಿಂದ ಒಂದು ಕರೆ ಮಾಡಿಸಿ ನೋಡಿದ. ಸರಿಯಾಗಿತ್ತು. ಗೋಡೆಯಾಚೆ ದರ್ಜಿಯ ಹೊಲಿಗೆಯಂತ್ರ ನಿಂತು, ಅವನು ಏನೋ ಗುನುಗುವುದು ಕೇಳುತ್ತಿತ್ತು. ನಾಲ್ಕು ಗಂಟೆ ಬಂದಿತು, ಕೂರದೆ ಹೋಯಿತು.

"ಹೋಟೆಲ್ನೋರಿಗೆ ಇವತ್ತು ಕೆಲಸ ಜಾಸ್ತಿ ಇರಬೇಕು," ಎಂದ ಚೌಕಟ್ಟಪ್ಪ. "ನಾಳೆ ಮಾಡ್ತಾರೆ. ಮಾಡೇ ಮಾಡ್ತಾರೆ."

ಸಂಜೆ ಮೇಲಿನ ಮನೆ ತುಂಬಿತು. ದೀಪ ಹಚ್ಚಿದರು. ದರ್ಜಿ ಎಂದೂ ಇಲ್ಲದೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎಂದೂ ಇಲ್ಲದೆ ಬಾಗಿಲ ಬಳಿ ಮೂಲೆಯಲ್ಲಿ ಕೂತ. ಅತ್ತಿಗೆ ಕಣ್ಣು ಮುಚ್ಚಿ ಲೋರೆಮ್ ಇಪ್ಸಮ್ ಶುರು ಮಾಡಿದರು. ಎಲ್ಲರೂ ದನಿಗೂಡಿಸಿದರು. ಟೀಚರಮ್ಮನೂ ತಲೆ ತಗ್ಗಿಸಿ ಹೇಳಿದಳು. ಬಾಯಿಪಾಠವಿದ್ದದ್ದು ಅವಳಿಗೇ ಎಲ್ಲರಿಗಿಂತ ಚೆನ್ನಾಗಿ.

ಪ್ರಾರ್ಥನೆ ಅರ್ಧಕ್ಕೆ ಬಂದಿರಬೇಕು. ಫೋಟೊದ ಮುಂದಿದ್ದ ಅಣ್ಣನ ಫೋನು ಬೆಳಕು ಚೆಲ್ಲಿ, ಗುರ್ರೆಂದು ನಡುಗಿ, ಮೇಜಿನ ಮೇಲೆ ತೆವಳುತ್ತ ಕನ್ನಡಕಕ್ಕೆ ಡಿಕ್ಕಿ ಹೊಡೆಯಿತು.

ಪೋಸ್ಟ್‌ಮಾಸ್ಟರರು ಔಷಧಿ ಅಂಗಡಿಯವರ ಬೆನ್ನ ಹಿಂದೆ ಅಡಗಿದರು. "ಉತ್ತರ ಬಂತು!" ಎಂದು ಕ್ಷೌರದಂಗಡಿಯವನು ಕೈ ಮುಗಿದ.

"ಮಧ್ಯಾಹ್ನ ಊಟ ಆದಾಗಿಂದ ಹೀಗೇ ಬಡ್ಕೊಳ್ತಿದೆ," ಎಂದರು ಅತ್ತಿಗೆ ಕಣ್ಣು ತೆರೆದು. "ಯಾರೋ ಹಳೇ ಸ್ನೇಹಿತರು, ವಿಷಯ ತಿಳೀದೋರು ಅಂತ ನಾನು ಎತ್ತಲಿಲ್ಲ. ನೀನಾದ್ರೂ ಹೇಳಿಬಿಡಪ್ಪ ಅವರಿಗೆ."

ಚೌಕಟ್ಟಪ್ಪ ಅದನ್ನು ಎತ್ತಿದ. ಮೌನವಾಗಿದ್ದ ಕೋಣೆಯಲ್ಲಿ ಮ್ಯಾನೇಜರಮ್ಮನ ದನಿ ಎಲ್ಲರಿಗೂ ಕೇಳಿಸಿತು.

"ಅಂತೂ ಎತ್ತಿದ್ರಾ! ಹೋಟೆಲಿಂದ. ಮಧ್ಯಾಹ್ನದಿಂದ ಮಾಡಿ ಮಾಡಿ ಬೆರಳು ಸವೀತು. ಮಾತು ನೀವೇ ಆಡಿ ಅಂತ ಚೆನ್ನಾಗಿ ಬರೆದಿದ್ದೀರಿ. ಆಡೋಣ ಅಂದ್ರೆ ಫೋನೇ ಎತ್ತಲ್ವಲ್ರೀ!"

"ಅಮ್ಮಾ, ಇದು... ಈ ನಂಬರು..."

ಹೇಳುತ್ತಿರುವಾಗಲೇ ಅವನಿಗೆ ಹೊಳೆಯಿತು, ಪುಟದಲ್ಲಿ ತಾನು ಹಾಕಿದ್ದು ಅಣ್ಣನ ಫೋನಿನ ಸಂಖ್ಯೆ. ಅಂಗಡಿಯ ಹಲಗೆಯ ಮೇಲಿದ್ದ ಸಂಖ್ಯೆ ಅದು. ತಾನು ಕಟ್ಟು ಹಾಕಿದ ಪ್ರತಿಯೊಂದು ಚಿತ್ರದ ಬೆನ್ನಿಗೂ ಒತ್ತಿದ ಸಂಖ್ಯೆ ಅದು. ಅಂಗಡಿಯ ಫೋನು ಎಂದರೆ ಅವನ ಬೆರಳುಗಳಿಗೆ ಬೇರೆ ಗೊತ್ತೇ ಇರಲಿಲ್ಲ. ಪುಟದ ಸುಳ್ಳು ಸಾಲನ್ನೆಲ್ಲ ತೆಗೆದವನು, ಅತ್ಯಂತ ನಿಜವೆಂದು ಅದೊಂದನ್ನು ಮುಟ್ಟಿಯೇ ಇರಲಿಲ್ಲ. ಟೀಚರಮ್ಮ ಹಣೆ ಒತ್ತಿಕೊಂಡಳು.

"ಇರಲಿ ಬಿಡಿ," ಎಂದಳು ಮ್ಯಾನೇಜರಮ್ಮ. "ಕಟ್ಟು ಈಗ ಬೇಡ ಅಂತ ಹೇಳೋಕೇ ಮಾಡಿದ್ದು. ನಿಮ್ಮ ಪುಟದ ಅಡೀಲಿ ಇನ್ನೊಂದು ನಂಬರ್ ಇತ್ತಲ್ಲ, ಅವರು ಮೊದಲ ಸಲಕ್ಕೇ ಎತ್ತಿದ್ರು. ಗೋಡೆಯಿಂದ ಗೋಡೆಗೆ ಪರದೆ ಹೊಲಿದು ಕೊಡ್ತಾರಂತೆ, ಎಲ್ಲಾ ಕೋಣೆಗೂ. ಗೋಡೇನೇ ಕಾಣದ ಮೇಲೆ ಚಿತ್ರ ಯಾಕೆ? ತುಂಬಾ ಒಳ್ಳೆ ಮಾತುಗಾರರು. ನಿಮ್ಮ ವೆಬ್‌ಸೈಟಿಂದ ಉಪಕಾರವಾಯ್ತು."

ಫೋನಿನ ಬೆಳಕು ಆರಿತು. ಕೋಣೆಯ ಕಣ್ಣುಗಳೆಲ್ಲ ಇಸ್ತ್ರಿ ಮಾಡಿದ ಅಂಗಿಯ ಮೇಲೆ ನೆಟ್ಟವು.

"ನಿನ್ನನ್ನ ಕರೀತೀನಿ ಅಂತಾನೇ ಬಾಯಿ ತೆಗೆದೆ ಕಣಯ್ಯ," ಎಂದ ದರ್ಜಿ, ಸೂಜಿ ನುಂಗಿದವನ ದನಿಯಲ್ಲಿ. "ಅಷ್ಟರಲ್ಲಿ ಆಯಮ್ಮ ಕಿಟಕಿಗಳು ಬೇಕಾದಷ್ಟಿವೆ ಅಂದುಬಿಟ್ರು. ಆಮೇಲೆ ಮಾತೆಲ್ಲಾ ಅದೇ ಬಂತು. ನಿಮ್ಮಣ್ಣನ ಪಕ್ಕ ಅಷ್ಟು ವರ್ಷ ಕೂತಿದ್ನಲ್ಲ, ಅವರ ಗಾಳಿ ಸೋಕಿರಬೇಕು."

ಚೌಕಟ್ಟಪ್ಪ ಅವನನ್ನು ನೋಡಿದ, ಫೋಟೊ ನೋಡಿದ. ನಾಳೆ ಬೆಳಿಗ್ಗೆ ಮತ್ತೆ ಅದೇ ಬಾಗಿಲು, ಅದೇ ಗಾಳಿ, ಅದೇ ಯಜಮಾನರ ಗಡುವು. ಅಣ್ಣ ಮಾತ್ರ ಬಂಗಾರದ ಅಂಚಿನೊಳಗಿಂದ, ಈಗಷ್ಟೇ ಯಾರಿಗೋ ಏನೋ ಮಾರಿದವನಂತೆ ನಗುತ್ತಿದ್ದ.

ಮೊದಲು ನಕ್ಕವರು ಅತ್ತಿಗೆ. ತಿಂಗಳಿಂದ ಆ ಮನೆಯಲ್ಲಿ ಕೇಳದ ಸದ್ದು ಅದು. "ಹೋದ ಮೇಲೂ ಗಿರಾಕಿ ಇವರನ್ನೇ ಕೇಳ್ತಾರೆ ನೋಡು," ಎಂದು ನಗುತ್ತ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. "ಆ ಪ್ರಾರ್ಥನೆ ಅರ್ಧಕ್ಕೆ ನಿಂತಿತು. ಉಳಿದದ್ದು ನೀನು ಹೇಳಪ್ಪ. ಅರ್ಥ ಇರೋದೇ ಹೇಳು."

ಚೌಕಟ್ಟಪ್ಪ ಫೋನಿನ ಸದ್ದನ್ನು ದೊಡ್ಡದು ಮಾಡಿ ತನ್ನ ಎದೆಯ ಜೇಬಿನಲ್ಲಿಟ್ಟುಕೊಂಡ. ಕನ್ನಡಕವನ್ನು ನೆಟ್ಟಗೆ ಇಟ್ಟ. ಕೈ ಮುಗಿದ.

"ದೇವರೇ, ನಮ್ಮಣ್ಣನ ಆತ್ಮಕ್ಕೆ ಶಾಂತಿ ಕೊಡು. ಮಾತಾಡದೆ ಇರೋದು ಅವನಿಗೆ ಬರಲ್ಲ, ಅಲ್ಲಿ ಯಾರನ್ನಾದ್ರೂ ಅವನ ಹತ್ತಿರ ಕೂರಿಸು. ಇಲ್ಲಿ ಫೋನ್ ಬಂದ್ರೆ ಇನ್ನು ನಾನು ಎತ್ತುತೀನಿ. ಅವನು ಎದ್ದು ಬರೋದು ಬೇಡ. ನೆಮ್ಮದಿಯಾಗಿ ಮಲಗಲಿ."